ಹೊಸ ಕಂಪನಿಗೆ ಹಣ ಹಾಕುವ ಮುನ್ನ

ಪರಿಚಿತರೊಬ್ಬರು ಈಚೆಗೆ ಮನೆಗೆ ಬಂದಿದ್ದರು. ಜೊತೆಗೆ ಬಿ.ಕಾಂ. ಎರಡನೇ ವರ್ಷದಲ್ಲಿ ಓದುತ್ತಿರುವ ಮಗಳು. ಮುಂದಿನ ವರ್ಷದ ಫೀಸಿಗೆಂದು ಎತ್ತಿಟ್ಟಿದ್ದ ಹಣವನ್ನು ಹೊಸದಾಗಿ ಪೇಟೆಗೆ ಬರುತ್ತಿರುವ ಕಂಪನಿಯೊಂದರ ಷೇರಿಗೆ ಹಾಕಬೇಕೆಂದು ತಂದೆಗೆ ಆಸೆ. 'ಎಲ್ಲರೂ ಹಾಕ್ತಿದಾರೆ ಸಾರ್, ಮೊದಲ ದಿನವೇ ಒಳ್ಳೇ ಲಾಭವಂತೆ' ಎಂದರು. ಮಗಳು ಮೆಲ್ಲಗೆ ಕೇಳಿದಳು: 'ಅಪ್ಪಾ, ನಮ್ಮ ದುಡ್ಡು ತಗೊಂಡು ಆ ಕಂಪನಿ ಏನು ಮಾಡುತ್ತೆ?' ತಂದೆಯ ಬಳಿ ಉತ್ತರವಿರಲಿಲ್ಲ.

'ಎಲ್ಲರೂ ಹಾಕುತ್ತಿದ್ದಾರೆ' ಎಂಬುದು ಎಂಥ ಮಾನದಂಡ ಎಂಬುದಕ್ಕೆ ಎರಡು ಉದಾಹರಣೆ ನೋಡಿ. 1993ರಲ್ಲಿ ಬೆಂಗಳೂರಿನ ಇನ್ಫೋಸಿಸ್ 95 ರೂಪಾಯಿ ಬೆಲೆಗೆ ಸಾರ್ವಜನಿಕರಿಗೆ ಷೇರು ನೀಡಲು ಮುಂದೆ ಬಂದಿತು. ಜನ ಅಷ್ಟಾಗಿ ಒಲವು ತೋರಲಿಲ್ಲ. ಉಳಿದ ಷೇರುಗಳನ್ನು ವಿದೇಶಿ ಹೂಡಿಕೆ ಸಂಸ್ಥೆಯಾದ ಮಾರ್ಗನ್ ಸ್ಟ್ಯಾನ್ಲಿ ಕೊಂಡಿತು. ಮುಂದೆ ಆ ಷೇರು ಏನಾಯಿತೆಂದು ಹೇಳಬೇಕಾಗಿಲ್ಲ. 2021ರ ನವೆಂಬರಿನಲ್ಲಿ ಪೇಟಿಎಂ ಕಂಪನಿ ಭಾರೀ ಸದ್ದಿನೊಂದಿಗೆ 2,150 ರೂಪಾಯಿಗೆ ಷೇರು ನೀಡಿತು. ವಹಿವಾಟಿನ ಮೊದಲ ದಿನವೇ ಬೆಲೆ ಕಾಲುಭಾಗಕ್ಕೂ ಹೆಚ್ಚು ಕುಸಿಯಿತು. ಜನಜಂಗುಳಿ ಅಲ್ಲೂ ತಪ್ಪಿತು, ಇಲ್ಲೂ ತಪ್ಪಿತು.

ಹಾಗಾದರೆ ಏನನ್ನು ನೋಡಬೇಕು? ಷೇರು ನೀಡುವ ಪ್ರತಿ ಕಂಪನಿಯೂ ತನ್ನ ಪೂರ್ವಾಪರಗಳನ್ನೆಲ್ಲ ವಿವರಿಸುವ ಪ್ರಾಸ್ಪೆಕ್ಟಸ್ ಪ್ರಕಟಿಸಲೇಬೇಕು. ಸೆಬಿಯ ಜಾಲತಾಣದಲ್ಲಿ ಅದು ಪುಕ್ಕಟೆಯಾಗಿ ಸಿಗುತ್ತದೆ. ನೂರಾರು ಪುಟಗಳ ಗ್ರಂಥವೆಂದು ಗಾಬರಿ ಬೇಡ. ಅದರಲ್ಲಿ ನಾಲ್ಕು ಪ್ರಶ್ನೆಗಳಿಗೆ ಉತ್ತರ ಹುಡುಕಿ.

ಮೊದಲನೆಯದು, ಆ ಹುಡುಗಿ ಕೇಳಿದ ಪ್ರಶ್ನೆಯೇ. ಹಣ ಎಲ್ಲಿಗೆ ಹೋಗುತ್ತದೆ? ಹೊಸ ಷೇರು ನೀಡಿದರೆ ಹಣ ಕಂಪನಿಗೆ ಸೇರುತ್ತದೆ. ಕಾರ್ಖಾನೆಗೋ ಸಾಲ ತೀರಿಸುವುದಕ್ಕೋ ಬಳಕೆಯಾಗುತ್ತದೆ. ಹಳೆಯ ಷೇರುದಾರರು ತಮ್ಮ ಪಾಲನ್ನು ಮಾರಿದರೆ ಹಣ ಅವರ ಜೇಬಿಗೆ. ಕಂಪನಿಗೆ ಒಂದು ಪೈಸೆಯೂ ಇಲ್ಲ. ಪೇಟಿಎಂ ಎತ್ತಿದ 18,300 ಕೋಟಿ ರೂಪಾಯಿಯಲ್ಲಿ 10,000 ಕೋಟಿ ಈ ಎರಡನೆಯ ಬಗೆಯದು. ಪಾಲು ಮಾರುವುದು ತಪ್ಪೇನಲ್ಲ. ಆದರೆ ಒಳಗಿನದನ್ನು ಬಲ್ಲವರು ಮಾರುವಾಗ ಹೊರಗಿನ ನಾವು ಏಕೆ ಕೊಳ್ಳುತ್ತಿದ್ದೇವೆಂದು ಯೋಚಿಸಬೇಕು.

ಎರಡನೆಯದು, ಕಂಪನಿಯ ಸಂಪಾದನೆ. ಕಳೆದ ಮೂರು ವರ್ಷ ಲಾಭವೋ ನಷ್ಟವೋ? ಗಿರಾಕಿಗಳು ಎಷ್ಟು ಮಂದಿ? ಒಬ್ಬನೇ ದೊಡ್ಡ ಗಿರಾಕಿಯನ್ನು ನೆಚ್ಚಿಕೊಂಡ ವ್ಯಾಪಾರ ಒಂದೇ ಕಾಲಿನ ಮೇಲೆ ನಿಂತಂತೆ.

ಮೂರನೆಯದು, ಪ್ರವರ್ತಕರು. ಅವರಿಗೆ ಆ ಕಸುಬಿನಲ್ಲಿ ಎಷ್ಟು ವರ್ಷದ ಅನುಭವ? ಮೇಲೆ ಮೊಕದ್ದಮೆಗಳಿವೆಯೇ? ಕಂಪನಿಯ ಹಣ ಅವರ ಬಂಧುಗಳ ಸಂಸ್ಥೆಗಳಿಗೆ ಹರಿಯುತ್ತಿದೆಯೇ? ಇವೆಲ್ಲ ಪ್ರಾಸ್ಪೆಕ್ಟಸ್‌ನಲ್ಲೇ ಇರುತ್ತವೆ. 1990ರ ದಶಕದ ನಡುವಿನ ಷೇರು ಭರಾಟೆಯಲ್ಲಿ ಹಣ ಎತ್ತಿದ ಎಷ್ಟೋ ಕಂಪನಿಗಳು ಆಮೇಲೆ ವಿಳಾಸಕ್ಕೇ ಸಿಗಲಿಲ್ಲ. ಇಂಥವುಗಳಿಗೆ ಸರ್ಕಾರವೇ 'ಕಣ್ಮರೆಯಾದ ಕಂಪನಿಗಳು' ಎಂಬ ಪಟ್ಟಿ ಮಾಡಬೇಕಾಯಿತು.

ನಾಲ್ಕನೆಯದು, ಬೆಲೆ. ಷೇರೊಂದಕ್ಕೆ ವರ್ಷಕ್ಕೆ 10 ರೂಪಾಯಿ ಲಾಭವಿದ್ದು ಬೆಲೆ 500 ಇದ್ದರೆ, ನೀವು ಐವತ್ತು ವರ್ಷದ ಲಾಭವನ್ನು ಇಂದೇ ಕೊಟ್ಟಂತಾಯಿತು. ಅದೇ ವ್ಯಾಪಾರದ ಹಳೆಯ ಕಂಪನಿಗಳ ಷೇರಿನೊಂದಿಗೆ ಈ ಲೆಕ್ಕವನ್ನು ಹೋಲಿಸಿ ನೋಡಿ.

ಇನ್ನೊಂದು ಮಾತು. ಇನ್ಫೋಸಿಸ್ ಪೇಟೆಗೆ ಹೊಸತಾಗಿತ್ತೇ ಹೊರತು ಕಸುಬಿಗಲ್ಲ. 1981ರಲ್ಲಿ ಹುಟ್ಟಿದ ಅದಕ್ಕೆ ಆಗಲೇ ಹನ್ನೆರಡು ವರ್ಷದ ಅನುಭವವಿತ್ತು. ಪೇಟೆಗೆ ಹೊಸಬರಾದವರಲ್ಲಿ ಕಸುಬಿನಲ್ಲಿ ಪಳಗಿದವರನ್ನು ಹುಡುಕುವುದು ಸಾಮಾನ್ಯ ಹೂಡಿಕೆದಾರನಿಗೆ ಕ್ಷೇಮದ ದಾರಿ. ಆತುರವೂ ಬೇಡ. ಪೇಟೆ ಸೇರಿದ ಕಂಪನಿ ಮೂರು ತಿಂಗಳಿಗೊಮ್ಮೆ ತನ್ನ ಲೆಕ್ಕ ಪ್ರಕಟಿಸಬೇಕು. ಒಂದು ವರ್ಷ ಅದನ್ನು ಗಮನಿಸಿ ಆಮೇಲೆ ಕೊಂಡರೂ ತಡವಾಗುವುದಿಲ್ಲ. ಇನ್ಫೋಸಿಸ್ ಷೇರನ್ನು ಎರಡು ವರ್ಷ ಕಾದು ಕೊಂಡವರೂ ಮುಂದೆ ಚೆನ್ನಾಗಿಯೇ ಗಳಿಸಿದರು.

ಇಷ್ಟೆಲ್ಲ ನೋಡಿದರೂ ಲೆಕ್ಕ ತಪ್ಪಬಹುದು. ಆದ್ದರಿಂದ ಹೊಸ ಕಂಪನಿಗೆ ಹಾಕುವ ಹಣ ಐದಾರು ವರ್ಷ ಕೈಗೆ ಬಾರದಿದ್ದರೂ, ಕೆಲವು ಪಾಲು ಮುಳುಗಿದರೂ ಮನೆ ನಡೆಯುವಂತಿರಬೇಕು. ಫೀಸು, ಮದುವೆ, ಔಷಧಿಯ ಹಣ ಅಲ್ಲಿಗೆ ಹೋಗಕೂಡದು.

ತಂದೆ ಕೊನೆಗೆ ಫೀಸಿನ ಹಣವನ್ನು ಬ್ಯಾಂಕಿನಲ್ಲಿ ಠೇವಣಿ ಇಡಲು ಒಪ್ಪಿದರು. ಮಗಳಿಗೆ ಒಂದು ಕೆಲಸ ಕೊಟ್ಟೆ: ಮೂರು ಹೊಸ ಕಂಪನಿಗಳನ್ನು ಆರಿಸಿ, ಈ ನಾಲ್ಕು ಉತ್ತರಗಳನ್ನು ನೋಟುಬುಕ್ಕಿನಲ್ಲಿ ಬರೆದು, ಒಂದು ವರ್ಷ ಅವುಗಳ ಲೆಕ್ಕವನ್ನು ಗಮನಿಸುವುದು. ನಯಾಪೈಸೆ ಹಾಕಬೇಕಾಗಿಲ್ಲ. ನಿಮ್ಮ ಮನೆಯಲ್ಲೂ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಅವರೊಡನೆ ಕುಳಿತು ಇದನ್ನು ಮಾಡಿ ನೋಡಿ. ವರ್ಷದ ಕೊನೆಗೆ ಹಣ ಹಾಕಬೇಕೋ ಬೇಡವೋ ಎಂಬುದನ್ನು ಆ ನೋಟುಬುಕ್ಕನ್ನು ಮುಂದಿಟ್ಟುಕೊಂಡೇ ನಿರ್ಧರಿಸಿ.