ಮರದ ಆಟಿಕೆಗೆ ಮಾತ್ರ ಚೌಕಾಸಿಯೇ?

ನ್ಯೂಯಾರ್ಕ್ ನಗರದ ಸಮೀಪದ ರೈ ಊರಿನಲ್ಲಿ, ಪ್ಲೇಲ್ಯಾಂಡ್ ಎಂಬ ವಿಹಾರೋದ್ಯಾನದಲ್ಲಿ, ಪುಟ್ಟ ಮಕ್ಕಳಿಗೆಂದೇ 1928ರಲ್ಲಿ ಮರದ ರೋಲರ್ ಕೋಸ್ಟರ್ ಒಂದನ್ನು ಕಟ್ಟಿದರು. ಹಳೆಯದಾಯಿತೆಂದು ಅದನ್ನು ಸೌದೆಗೆ ಹಾಕಲಿಲ್ಲ. 1987ರಲ್ಲಿ ಇಡೀ ಉದ್ಯಾನವನ್ನೇ ರಾಷ್ಟ್ರೀಯ ಸ್ಮಾರಕವೆಂದು ಸಾರಿದರು. ಮಕ್ಕಳ ಆಟವೂ ನಾಡಿನ ಆಸ್ತಿಯೇ ಅಲ್ಲವೇ?

ನಮ್ಮವರಲ್ಲಿ ಹಲವರು ವಸ್ತುಪ್ರದರ್ಶನದ ಜಯಂಟ್ ವ್ಹೀಲಿಗೆ ಕೇಳಿದಷ್ಟು ಕೊಟ್ಟು, ಐದು ನಿಮಿಷ ಸುತ್ತಿ ಇಳಿಯುತ್ತಾರೆ. ಪಕ್ಕದ ಅಂಗಡಿಯ ಏಟಿಕೊಪ್ಪಾಕದ ಬುಗುರಿಗೆ ಮಾತ್ರ ಹತ್ತು ರೂಪಾಯಿ ಇಳಿಸೆಂದು ಹಟ! "ನಮ್ಮ ಚನ್ನಪಟ್ಟಣದ್ದಾದರೆ ಕೊಳ್ಳುತ್ತಿದ್ದೆವು" ಎಂಬ ಸಬೂಬು ಬೇರೆ.

ಈ ಸಬೂಬನ್ನು ನಾವು ಒಪ್ಪೆವು. ಚನ್ನಪಟ್ಟಣದ ಹಾಲೆ ಮರವನ್ನೇ ಇಲ್ಲಿ ಅಂಕುಡು ಎನ್ನುತ್ತಾರೆ. ಎರಡು ಕಡೆಯೂ ಮರವನ್ನು ಕಡೆದು ಅರಗಿನ ಬಣ್ಣ ಹಿಡಿಸುವುದೇ ಕಸುಬು. ವರಾಹಾ ನದೀತೀರದ ಏಟಿಕೊಪ್ಪಾಕದಲ್ಲಿ ಬೇರು, ತೊಗಟೆ, ಬೀಜ, ಎಲೆಗಳಿಂದಲೇ ಬಣ್ಣ ತೆಗೆಯುತ್ತಾರೆ. 2017ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ಬಂತು. ವಿಜಯವಾಡದ ಬಂಧುಗಳಿಗಂತೂ ಕೊಂಡಪಲ್ಲಿ ಮಗ್ಗುಲಲ್ಲೇ ಇದೆ: ಹಗುರವಾದ ಪೊಣಿಕಿ ಮರದ ದಶಾವತಾರ, ಎತ್ತಿನ ಬಂಡಿ, ಅಂಬಾರಿಯ ಆನೆ. ಆ ಮರವೂ ಈಗ ಸುಲಭವಾಗಿ ಸಿಗದು.

ಮನ್ನಣೆಯ ಪತ್ರದಿಂದ ಒಲೆ ಉರಿಯದು. ಕೊಳ್ಳುವವರಿದ್ದರಷ್ಟೇ ಕುಶಲಕರ್ಮಿಯ ಮಗ ಉಳಿ ಹಿಡಿದಾನು. ರಾಜ್ಯೋತ್ಸವದ ಬಹುಮಾನಕ್ಕೆ, ದಸರಾ ಗೊಂಬೆಗಳ ಸಾಲಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ ಈ ಊರುಗಳ ಆಟಿಕೆಗಳೇ ಬರಲಿ. ಚನ್ನಪಟ್ಟಣದ ಗೊಂಬೆಯೂ ಅವುಗಳ ಪಕ್ಕದಲ್ಲಿ ಕೂರಲಿ. ಅನ್ನ ಕೊಟ್ಟ ನೆಲದ ಕೈಗೆಲಸವನ್ನು ಗೌರವಿಸುವುದೂ ಕನ್ನಡತನವೇ.