‘ಚೆನ್ನಾಗಿದೆ’ ಎಂಬ ಮೋಸ

ಹೋದ ವರ್ಷ ನೆರೆಮನೆಯ ಹುಡುಗ ನನ್ನನ್ನು ಕರೆದು, ಕಲಾಶಾಲೆಯ ಪ್ರವೇಶಕ್ಕೆಂದು ಜೋಡಿಸಿದ್ದ ಚಿತ್ರಗಳ ಕಡತ ಬಿಚ್ಚಿದ. ಜಲವರ್ಣ, ತೈಲವರ್ಣ, ಅಕ್ರಿಲಿಕ್, ಪೇಸ್ಟಲ್, ಕೊಲಾಜ್ – ಮದುವೆಮನೆಯ ಎಲೆಯಂತೆ ಒಂದನ್ನೂ ಬಿಟ್ಟಿರಲಿಲ್ಲ. “ಎಲ್ಲಾ ಮಾಧ್ಯಮಾನೂ ಇರಬೇಕು ಅಂದ್ರು ಮೇಷ್ಟ್ರು” ಎಂದ. “ಚೆನ್ನಾಗಿದೆಯಪ್ಪ” ಎಂದು ಹೇಳಿ, ಅವನ ತಾಯಿ ಕೊಟ್ಟ ಕಾಫಿ ಕುಡಿದು ಎದ್ದೆ. ಅವನಿಗೆ ಸೀಟು ಸಿಗಲಿಲ್ಲ.

ಕಡತದ ತಳದಲ್ಲಿ, ನೋಟುಬುಕ್ಕಿನ ಹಾಳೆಯ ಮೇಲೆ, ಅಕ್ಕಿ ಆರಿಸುತ್ತ ಕುಳಿತ ಆ ತಾಯಿಯ ಇದ್ದಿಲ ಚಿತ್ರವಿತ್ತು. ಬಗ್ಗಿದ ಬೆನ್ನಿನ ಗೆರೆಯಲ್ಲಿ ದಿನದ ದಣಿವೆಲ್ಲ ಕಾಣುತ್ತಿತ್ತು. “ಅದು ಸುಮ್ಮನೆ ಗೀಚಿದ್ದು ಸಾರ್” ಎಂದು ಒಳಗೆ ತಳ್ಳಿದ. ನಾನು ತಡೆಯಲಿಲ್ಲ.

ಮಾಧ್ಯಮಗಳೇನು ಷೋಕೇಸಿನ ಪಾತ್ರೆಗಳೇ? ಜಲವರ್ಣದಲ್ಲಿ ಕಾಗದದ ಬಿಳುಪೇ ಬೆಳಕು, ಮುಚ್ಚಿದರೆ ಹೋಯಿತು. ತೈಲವರ್ಣ ನಿಧಾನ ಒಣಗುತ್ತದೆ, ತಿದ್ದಲು ಬಿಡುತ್ತದೆ. ಇದ್ದಿಲು ನೆರಳನ್ನು ಕ್ಷಣದಲ್ಲಿ ಹಿಡಿಯುತ್ತದೆ. ಹೇಳುವ ಮಾತಿಗೆ ತಕ್ಕದ್ದನ್ನು ಆರಿಸಬೇಕು. ಕೆ. ವೆಂಕಟಪ್ಪನವರು (1886–1965) ಜಲವರ್ಣದಲ್ಲೂ ಪ್ಲಾಸ್ಟರಿನ ಉಬ್ಬುಶಿಲ್ಪದಲ್ಲೂ ಪಳಗಿದವರು, ನಿಜ. ಆದರೆ ಪಳಗಿದ್ದು ವರ್ಷಗಟ್ಟಲೆ ದುಡಿದು. ಪರೀಕ್ಷಕರ ಕಣ್ಣಿಗಾಗಿ ವಾರಕ್ಕೊಂದು ಪೆಟ್ಟಿಗೆ ಬಣ್ಣ ಕೊಂಡಲ್ಲ.

ಇದನ್ನು ಹುಡುಗರಿಗೆ ಹೇಳಬೇಕಾದವರು ನಾವು, ಹಿರಿಯರು. ‘ಈ ಕೈ ಕೆಟ್ಟಿದೆ, ಈ ಬೆನ್ನು ಸರಿಯಾಗಿದೆ’ ಎನ್ನಲು ಅರ್ಧ ಗಂಟೆ ಕುಳಿತು ನೋಡಬೇಕು. ಆ ಅರ್ಧ ಗಂಟೆ ಉಳಿಸಿಕೊಳ್ಳಲು ‘ಚೆನ್ನಾಗಿದೆ’ ಎನ್ನುತ್ತೇವೆ. ಹುಡುಗನ ಒಂದು ವರ್ಷ ಹೋಗುತ್ತದೆ.

ಈ ಸಲ ಮತ್ತೆ ಅರ್ಜಿ ಹಾಕುತ್ತಾನಂತೆ. ಕಾಫಿ ಆಮೇಲೆ, ಮೊದಲು ಆ ಇದ್ದಿಲ ಹಾಳೆ ತೆಗೆಯಪ್ಪ ಎನ್ನುತ್ತೇನೆ.