ಗುಡ್ಡ ಕುಸಿದರೆ ಎಷ್ಟು ಅಂಕ?

ಕಾಲೇಜಿಗೆ ಸೇರುವ ಹುಡುಗ ಭೂಗೋಳ ತಗೊಂಡನೆಂದರೆ ಮನೆಯಲ್ಲಿ ಯಾರೂ ಪೇಡೆ ಹಂಚುವುದಿಲ್ಲ. "ಬೇರೆ ಏನೂ ಸಿಗಲಿಲ್ಲವೇನೋ?" ಎಂದು ಅಪ್ಪ ಕೇಳುತ್ತಾನೆ. "ನಕ್ಷೆ ಬಿಡಿಸಿದ್ರೆ ಮಾರ್ಕ್ಸ್ ಬೀಳ್ತದೆ, ಪಾಸಾಗ್ಬಹುದು" ಎಂದು ಮಗ ಸಮಾಧಾನ ಹೇಳುತ್ತಾನೆ. ಉತ್ತರ ಕನ್ನಡ ಜಿಲ್ಲೆಯಲ್ಲಿ ಪದವಿ ಮೊದಲ ವರ್ಷದ ಪ್ರಾಕೃತಿಕ ಭೂಗೋಳಕ್ಕಿರುವ ಬೆಲೆ ಇಷ್ಟೇ.

ಆದರೆ ಈ ಜಿಲ್ಲೆಯಲ್ಲಿ ಜೀವಕ್ಕೆ ಇಷ್ಟು ಹತ್ತಿರದ ಪಾಠ ಇನ್ನೊಂದಿಲ್ಲ.

ಪುಸ್ತಕ ತೆರೆದರೆ ಏನಿದೆ? ಭೂಮಿಯ ಹೊಟ್ಟೆಯ ಪದರಗಳು, ಜ್ವಾಲಾಮುಖಿ, ಹಿಮನದಿ ಕೊರೆದ ಯು ಆಕಾರದ ಕಣಿವೆ, ಮರುಭೂಮಿಯ ಮರಳುದಿಬ್ಬ. ಇರಲಿ, ಲೋಕಜ್ಞಾನ ಬೇಕು. ಹುಡುಗರು ಹಿಮನದಿಯ ಚಿತ್ರ ಬರೆದು ಬಾಣ ಹಾಕಿ ಅಂಕ ತಗೊಳ್ಳುತ್ತಾರೆ. ಹಿಮವನ್ನು ಅವರು ಫ್ರಿಜ್ಜಿನಲ್ಲಿ ಬಿಟ್ಟರೆ ಬೇರೆಲ್ಲೂ ಕಂಡವರಲ್ಲ. ಅದೇ ಪುಸ್ತಕದಲ್ಲಿ ಶಿಥಿಲೀಕರಣ ಅಂತ ಒಂದು ಪಾಠ ಇದೆ, ಇಳಿಜಾರಿನಲ್ಲಿ ಮಣ್ಣು ಜಾರುವುದರ ಬಗ್ಗೆ ಇನ್ನೊಂದಿದೆ. ಪರೀಕ್ಷೆಗೆ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

2024ರ ಜುಲೈ 16ರ ಬೆಳಿಗ್ಗೆ ಆ ಪಾಠ ಪರೀಕ್ಷೆಗೆ ಬಂತು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಮೇಲೆ ಗುಡ್ಡ ಬಿತ್ತು. ರಸ್ತೆ ಬದಿಯ ಚಾದಂಗಡಿ ಹೋಯಿತು. ಮಣ್ಣು ಗಂಗಾವಳಿಗೆ ನುಗ್ಗಿದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆಯ ಮನೆಗಳಿಗೆ ಬಡಿಯಿತು. ಸತ್ತವರು, ಕಾಣೆಯಾದವರು ಸೇರಿ 11 ಮಂದಿ. ಕೇರಳದ ಲಾರಿ ಚಾಲಕನ ದೇಹ ನದಿಯಿಂದ ಮೇಲೆ ಬಂದದ್ದು ಸೆಪ್ಟೆಂಬರ್ 25ಕ್ಕೆ.

ಇದು ಮೊದಲನೆಯದೂ ಅಲ್ಲ. 2009ರ ಅಕ್ಟೋಬರಿನಲ್ಲಿ ಕಾರವಾರ ತಾಲೂಕಿನ ಕಡವಾಡದ ಝರಿವಾಡದಲ್ಲಿ ಗುಡ್ಡ ಮನೆಗಳ ಮೇಲೆ ಬಂದಿತ್ತು. 2021ರ ಜುಲೈನಲ್ಲಿ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿ ತೋಟ, ರಸ್ತೆ ಎಲ್ಲ ಜಾರಿತ್ತು. ಪ್ರತಿ ಸಲವೂ ಮಂತ್ರಿಗಳು ಬಂದರು, ಪರಿಹಾರ ಘೋಷಿಸಿದರು. "ಪ್ರಕೃತಿ ವಿಕೋಪ" ಎಂದರು. ಆ ಎರಡು ಶಬ್ದ ಹೇಳಿಬಿಟ್ಟರೆ ಯಾರ ಮೇಲೂ ಹೊಣೆ ಬೀಳುವುದಿಲ್ಲ ನೋಡಿ!

ವಿಕೋಪ ಹೇಗೆ ಆಗ್ತದೆ ಎಂದು ಮೊದಲ ವರ್ಷದ ಪಾಠವೇ ಹೇಳುತ್ತದೆ. ಕರಾವಳಿಯ ಗುಡ್ಡಗಳ ಮೇಲೆ ಟೋಪಿಯಂತೆ ಕೂತಿರುವುದು ಜಂಬಿಟ್ಟಿಗೆ, ಜನರ ಬಾಯಲ್ಲಿ ಚಿರೇಕಲ್ಲು. ಲಕ್ಷಾಂತರ ವರ್ಷದ ಬಿಸಿಲು ಮಳೆಗೆ ಬಂಡೆ ಶಿಥಿಲವಾಗಿ ಆದದ್ದು. ಅದಕ್ಕೆ ಮೈತುಂಬ ತೂತು, ನೀರು ಸರಾಗ ಇಳಿಯುತ್ತದೆ. ಅದರ ಕೆಳಗೆ ಬಿಳಿಚಿದ ಮೆತ್ತನೆಯ ಮಣ್ಣು. ಬಾವಿ ತೋಡುವವರನ್ನು ಕೇಳಿ, "ಶೇಡಿ ಮಣ್ಣು" ಎನ್ನುತ್ತಾರೆ. ಒಣಗಿದ್ದಾಗ ಗಟ್ಟಿ, ನೀರು ಕುಡಿದರೆ ಬೆಣ್ಣೆ. ಮೇಲಿಂದ ಇಳಿದ ನೀರು ಅಲ್ಲಿ ತಡೆದು ನಿಲ್ಲುತ್ತದೆ. ಶೇಡಿಯ ಬಿಗಿ ಸಡಿಲುತ್ತದೆ. ಇಷ್ಟಾದರೂ ಗುಡ್ಡ ಬೀಳದೆ ನಿಲ್ಲುವುದು ಅದರ ಬುಡ ಒತ್ತುಕೊಟ್ಟು ನಿಂತಿರುವ ತನಕ.

ಮನುಷ್ಯ ಕೈ ಹಾಕುವುದು ಆ ಬುಡಕ್ಕೇ. ರಸ್ತೆಗೆ ಕಡಿ, ಮನೆಗೆ ಕಡಿ, ಮಣ್ಣು ಮಾರೋಕೆ ಕಡಿ. ಬೇಸಿಗೆಯಲ್ಲಿ ಜೆಸಿಬಿ ಬಂದು ನೆಟ್ಟಗೆ ಗೋಡೆಯಂತೆ ಧರೆ ಕಡಿದು ಹೋಗುತ್ತದೆ. ಚಿರೇಕಲ್ಲು ಗಾಳಿಗೆ ಬಿದ್ದರೆ ಇನ್ನೂ ಗಟ್ಟಿಯಾಗುತ್ತದೆ. "ಕಲ್ಲಿನ ಹಾಗೆ ನಿಂತಿದೆ, ಏನೂ ಆಗೂದಿಲ್ಲ" ಎಂದು ಮಾಲೀಕ ಧೈರ್ಯ ಹೇಳುತ್ತಾನೆ. ಮೇಲಿನ ಕಲ್ಲು ಗಟ್ಟಿಯೇ, ಒಪ್ಪೋಣ. ಜಾರುವುದು ಅದರ ಕೆಳಗಿನ ಶೇಡಿ.

ಲೆಕ್ಕವೂ ಕಷ್ಟದ್ದಲ್ಲ. ಒಂದು ಎಕರೆ ಗುಡ್ಡದ ಮೇಲೆ 100 ಮಿಲಿಮೀಟರ್ ಮಳೆ ಸುರಿದರೆ ಸುಮಾರು 4 ಲಕ್ಷ ಲೀಟರ್ ನೀರು. ತೂಕದಲ್ಲಿ 400 ಟನ್. ಅಂದರೆ ಹತ್ತು ಟನ್ ಹೊರುವ 40 ಲಾರಿ ಲೋಡು. ಕರಾವಳಿಯ ಆಷಾಢದಲ್ಲಿ ಇಷ್ಟು ಮಳೆ ಒಂದೇ ದಿನ ಬಿದ್ದರೆ ಯಾರೂ ಆಶ್ಚರ್ಯಪಡುವುದಿಲ್ಲ. ಹರಿದು ಹೋಗುವುದು ಹೋಗಲಿ, ಒಳಗೆ ಇಂಗಿದ್ದರ ಭಾರ ಹೊರುವವರು ಯಾರು?

ಭೂಗೋಳ ಕಲಿಯುವ ಹುಡುಗರಿಗೆ ಈ ಜಿಲ್ಲೆಯಂಥ ತರಗತಿ ಸಿಗುವುದು ಕಷ್ಟ. ಸಮುದ್ರ ಇದೆ, ಅಳಿವೆ ಇದೆ, ಘಟ್ಟ ಇದೆ, ಯಾಣದಲ್ಲಿ ಸುಣ್ಣಕಲ್ಲಿನ ಶಿಖರಗಳಿವೆ. ಕರಾವಳಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್‌ಗೂ ಮೇಲೆ ಮಳೆ. ಘಟ್ಟ ಹತ್ತಿ ಮುಂಡಗೋಡ ಮುಟ್ಟುವಷ್ಟರಲ್ಲಿ ಅದರ ಅರ್ಧವೂ ಇಲ್ಲ. ಮೋಡಕ್ಕೆ ಬೆಟ್ಟ ಅಡ್ಡ ಬಂದರೆ ಏನಾಗುತ್ತದೆ ಎಂಬ ಪಾಠವನ್ನು ಬಸ್ಸಿನ ಕಿಟಕಿಯಿಂದಲೇ ಓದಬಹುದು. ಇನ್ನೊಂದು ತಮಾಷೆ ಕೇಳಿ. ಜಿಲ್ಲೆಯ ಕಾಲೇಜುಗಳಿಗೆ ಪಠ್ಯ ಬರುವುದು ಧಾರವಾಡದ ವಿಶ್ವವಿದ್ಯಾಲಯದಿಂದ. ಶಾಲ್ಮಲೆ ಹುಟ್ಟುವುದೂ ಧಾರವಾಡದಲ್ಲೇ. ಬೇಡ್ತಿಯನ್ನು ಕೂಡಿ, ಮಾಗೋಡಿನಲ್ಲಿ ಧುಮುಕಿ, ಗಂಗಾವಳಿ ಎಂಬ ಹೆಸರು ಹೊತ್ತು ಆಕೆ ಶಿರೂರಿನ ಗುಡ್ಡದ ಕೆಳಗೇ ಹರಿಯುತ್ತಾಳೆ. ನದಿ ಇಳಿದು ಬಂತು, ಪಾಠ ಮಾತ್ರ ಅಷ್ಟು ದೂರ ಇಳಿದು ಬರಲಿಲ್ಲ.

ಎಲ್ಲ ಕಡೆ ಹೀಗೇ ಎಂದರೆ ಅನ್ಯಾಯವಾದೀತು. ಕೈಯಿಂದ ಖರ್ಚು ಹಾಕಿ ಹುಡುಗರನ್ನು ಹೊಳೆದಂಡೆಗೆ ಕರೆದೊಯ್ಯುವ ಮಾಸ್ತರರೂ ಇದ್ದಾರೆ. ಅವರ ಕಷ್ಟ ಅವರಿಗೇ ಗೊತ್ತು. ಬಸ್ಸಿಗೆ ದುಡ್ಡಿಲ್ಲ, ಅನುಮತಿಗೆ ಹತ್ತು ಸಹಿ, ಸೆಮಿಸ್ಟರ್ ಅಂದರೆ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಪರೀಕ್ಷೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಎಂದರು, 2024ರಲ್ಲಿ ಅದನ್ನು ಬಿಟ್ಟು ಮತ್ತೆ ಮೂರು ವರ್ಷದ ಪದವಿ ಎಂದರು. ಪಠ್ಯ ತಿರುಗಿಸುವುದರಲ್ಲೇ ಕಾಲ ಹೋದರೆ ಗುಡ್ಡ ಹತ್ತುವುದು ಯಾವಾಗ?

ಆದರೂ ಬಸ್ಸೇ ಬೇಕೆಂದಿಲ್ಲ. ಗುಡ್ಡ ಕಾಲೇಜಿನ ಹಿಂದೆಯೇ ಇದೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕಕ್ಕೆ ದಾರ ಕಟ್ಟಿ, ತುದಿಗೆ ಕಲ್ಲು ತೂಗಿಬಿಟ್ಟರೆ ಇಳಿಜಾರು ಅಳೆಯುವ ಸಾಧನ ಆಯಿತು. ನೆಟ್ಟಗಿನ ಬಾಟಲಿಗೆ ಸ್ಕೇಲು ಅಂಟಿಸಿದರೆ ಮಳೆ ಮಾಪಕ. ಪ್ರತಿ ಕಾಲೇಜಿನ ಮೊದಲ ವರ್ಷದವರು ಸುತ್ತಲಿನ ಹತ್ತು ಧರೆಗಳನ್ನು ಹಂಚಿಕೊಂಡು ನೋಡಲಿ. ಎಷ್ಟು ಎತ್ತರ ಕಡಿದಿದ್ದಾರೆ, ನೆತ್ತಿಯಲ್ಲಿ ಬಿರುಕು ಬಿಟ್ಟಿದೆಯೇ, ಮರ ವಾಲಿದೆಯೇ, ಹೊಸ ಒರತೆ ಎದ್ದಿದೆಯೇ, ಒರತೆಯ ನೀರು ಕದಡಿದೆಯೇ, ಕೆಳಗೆ ಎಷ್ಟು ಮನೆ ಇವೆ? ಇಷ್ಟನ್ನು ಮೇ ತಿಂಗಳೊಳಗೆ ಬರೆದು ಒಂದು ಪ್ರತಿ ಮಾಸ್ತರರಿಗೆ, ಇನ್ನೊಂದು ಗ್ರಾಮ ಪಂಚಾಯತಿಗೆ ಕೊಡಲಿ. ಅದಕ್ಕೆ ಆಂತರಿಕ ಅಂಕ ಸಿಗಲಿ. ಹಿಮನದಿಗೆ ಕೊಡುವಷ್ಟಾದರೂ ಸಾಕು.

"ಹುಡುಗರ ಮಾತು ಕೇಳಿ ಕೆಲಸ ನಿಲ್ಲಿಸೋಕೆ ಆಗ್ತದಾ? ಅದಕ್ಕೆ ಎಂಜಿನಿಯರು, ಭೂವಿಜ್ಞಾನಿಗಳು ಇಲ್ವಾ?" ಎಂದು ಕೇಳುವವರಿದ್ದಾರೆ. ಇದ್ದಾರೆ, ಸರಿ. ಅವರು ಹೆಚ್ಚಾಗಿ ಬರುವುದು ಗುಡ್ಡ ಬಿದ್ದ ಮೇಲೆ. ಗುಡ್ಡ ಯಾವ ದಿನ ಬೀಳುತ್ತದೆ ಎಂದು ಹುಡುಗರೂ ಹೇಳಲಾರರು. ಆದರೆ ಬಿರುಕು ಕಂಡರೆ ಬಿರುಕು ಎಂದು ಬರೆಯಬಲ್ಲರು. ಆ ಕಾಗದ ಪಂಚಾಯತಿಯ ಕಡತದಲ್ಲಿ ಸೀಲು ಬಿದ್ದು ಕೂತರೆ, ನಾಳೆ "ನಮಗೆ ಗೊತ್ತೇ ಇರಲಿಲ್ಲ" ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ಇನ್ನೂ ಒಂದು ಮಾತಿದೆ. ಇಂದು ಹಿಂದಿನ ಬೆಂಚಿನಲ್ಲಿ ತೂಕಡಿಸುವ ಹುಡುಗನೇ ನಾಳೆ ಪಂಚಾಯತಿ ಸದಸ್ಯ, ಕಂಟ್ರಾಕ್ಟರ್, ಇಲ್ಲವೇ ಗುಡ್ಡದ ಬುಡದಲ್ಲಿ ಮನೆ ಕಟ್ಟುವ ಗೃಹಸ್ಥ. ಶೇಡಿ ಮಣ್ಣು ಅಂದರೇನು ಎಂದು ಒಮ್ಮೆ ಕೈಯಲ್ಲಿ ಹಿಡಿದು ನೋಡಿದವನು ಧರೆಗೆ ಜೆಸಿಬಿ ತರಿಸುವ ಮುಂಚೆ ಒಂದು ಗಳಿಗೆ ಯೋಚಿಸುತ್ತಾನೆ. ಆ ಒಂದು ಗಳಿಗೆ ಯೋಚನೆಗಾಗಿ ಈ ಪಾಠ ಬೇಕು. ಮಳೆಗಾಲ ಪ್ರತಿ ವರ್ಷ ಬರುತ್ತದೆ, ಅದಕ್ಕೆ ಮರುಪರೀಕ್ಷೆ ಇಲ್ಲ.